ಕೆಮ್ಮಿನ ತಾಲೀಮು

“ಇನ್ನೂ ಸ್ವಲ್ಪ ಜೋರಾಗಿ ಕೆಮ್ಮು,” ಎಂದಳು ನರ್ಸ್.

ಮಂಚದ ಮೇಲಿದ್ದ ಹುಡುಗ ಕೆಮ್ಮಿದ. ಪಕ್ಕದ ಮಂಚದವನು ಹೊಟ್ಟೆ ಹಿಡಿದುಕೊಂಡು ನರಳಬೇಕಿತ್ತು; ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ನರ್ಸ್ ಕಣ್ಣು ಕೆಂಪಗೆ ಮಾಡಿದಳು.

ಶಾಲೆಯ ಈ ಪುಟ್ಟ ಕ್ಲಿನಿಕ್ ಒಂದು ಟ್ರಸ್ಟಿನ ದಾನದಿಂದ ನಡೆಯುತ್ತಿತ್ತು. ಮೂರು ವರ್ಷದ ಅವಧಿ ಮುಗಿಯುತ್ತ ಬಂದಿತ್ತು. ಮುಂದುವರಿಸಬೇಕೋ ಬೇಡವೋ ಎಂದು ನೋಡಲು ಇವತ್ತು ಟ್ರಸ್ಟಿನ ಹಿರಿಯರೇ ಬರುವವರಿದ್ದರು. ಹಾಳಾದ್ದು, ಈ ವರ್ಷ ಮಂಚಗಳಿಗೆ ಗಿರಾಕಿಯೇ ಇಲ್ಲ.

“ಖಾಲಿ ಮಂಚ ನೋಡಿ ಯಾರು ಸಿಸ್ಟರ್ ದುಡ್ಡು ಕೊಡ್ತಾರೆ? ತುಂಬಿಸಿ,” ಎಂದಿದ್ದರು ಮುಖ್ಯೋಪಾಧ್ಯಾಯಿನಿ. ನಾಟಕದ ತಂಡದಿಂದ ಮಕ್ಕಳನ್ನು ಆರಿಸಿ ಕಳಿಸಿದ್ದೂ ಅವರೇ.

ನರ್ಸಿಗೆ ಇಂಥದ್ದೆಲ್ಲ ಅಭ್ಯಾಸವಿಲ್ಲ. ಸಿಕ್ಕಿಬಿದ್ದರೆ ಮಾನ ಹೋಗುತ್ತದೆ, ಕೆಲಸವೂ ಹೋಗುತ್ತದೆ. ಆದರೆ ಗುಬ್ಬಿಯ ನೆನಪಾದಾಗ ಮನಸ್ಸು ಗಟ್ಟಿಯಾಗುತ್ತಿತ್ತು. ಗುಬ್ಬಿ ಉಬ್ಬಸದ ಹುಡುಗಿ. ಮೊದಲೆಲ್ಲ ಮೆಟ್ಟಿಲು ಹತ್ತಿದರೆ ಸಾಕು, ತುಟಿ ನೀಲಿಗಟ್ಟುತ್ತಿತ್ತು. ಕ್ಲಿನಿಕ್ಕಿನ ಔಷಧಿಯಿಂದ ಈಗ ಓಟದಲ್ಲಿ ಗಂಡುಮಕ್ಕಳನ್ನೂ ಹಿಂದೆ ಹಾಕುತ್ತಾಳೆ. ಕ್ಲಿನಿಕ್ ಮುಚ್ಚಿದರೆ ಆ ಔಷಧಿ ಕೊಳ್ಳುವ ತಾಕತ್ತು ಅವಳ ಅಮ್ಮನಿಗಿಲ್ಲ.

ಅಷ್ಟರಲ್ಲಿ ಗುಬ್ಬಿಯೇ ಬಾಗಿಲಲ್ಲಿ ಇಣುಕಿದಳು. “ಸಿಸ್ಟರ್, ನಾನೂ ಬರ್ಲಾ? ನಾನೂ ಏನಾದ್ರೂ ಹೇಳ್ತೀನಿ.”

“ಗುಂಡುಕಲ್ಲಿನ ಹಾಗಿದೀಯ, ನಿನ್ನ ನೋಡಿದ್ರೆ ಎಲ್ಲಾ ಕೆಟ್ಟುಹೋಗುತ್ತೆ. ಅವ್ರು ಹೋಗೋ ತನಕ ಲೈಬ್ರರಿ ಬಿಟ್ಟು ಆಚೆ ಬರ್ಬೇಡ, ಪುಟ್ಟಾ.”

ಹುಡುಗಿಯ ಮುಖ ಬಾಡಿತು. ನಿನಗೋಸ್ಕರವೇ ಕಣೇ ಇದೆಲ್ಲ ಎಂದು ಹೇಳಲು ನರ್ಸಿಗೆ ಬಾಯಿ ಬರಲಿಲ್ಲ.

ಹಿರಿಯರು ಬಂದರು. ಬಿಳಿ ಕೂದಲು, ಮೆದು ಮಾತು. ಕೆಮ್ಮುವ ಹುಡುಗನ ಹಣೆ ಮುಟ್ಟಿದರು. ಕೈ ಅಲ್ಲೇ ಇಟ್ಟುಕೊಂಡರು. ಹಣೆ ತಣ್ಣಗಿರುತ್ತದೆಂದು ನರ್ಸಿಗೆ ಗೊತ್ತು.

“ಎಷ್ಟು ದಿನದಿಂದ ಕೆಮ್ಮು, ಮಗು?”

“ಕ್ಲಿನಿಕ್ ಶುರುವಾದಾಗಿನಿಂದ್ಲೂ ಇದೆ, ತಾತ.” ಹೇಳಿಕೊಟ್ಟದ್ದಕ್ಕಿಂತ ಒಂದು ಕೈ ಹೆಚ್ಚೇ.

“ಔಷಧಿ ತಗೋತಿದೀಯಾ?”

“ದಿನಾ ತಗೋತೀನಿ!”

“ನಾನೂ ಅಷ್ಟೇ, ತಾತ,” ಎಂದು ಪಕ್ಕದವನು ನರಳಿದ. ಈ ಸಲ ನಗಲಿಲ್ಲ.

ಹಿರಿಯರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಮುಖ್ಯೋಪಾಧ್ಯಾಯಿನಿ ನರ್ಸಿನ ಮೊಣಕೈಯನ್ನು ಮೆಲ್ಲಗೆ ತಿವಿದರು.

“ಬೇರೆ ಮಕ್ಕಳು?” ಎಂದು ಹಿರಿಯರು ಕೇಳಿದರು.

“ಎಲ್ರದ್ದೂ ಇದೇ ಕಥೆ, ಸರ್. ನಮ್ಮ ಮಕ್ಕಳ ಆರೋಗ್ಯ ಅಷ್ಟಕ್ಕಷ್ಟೇ,” ಎಂದು ಮುಖ್ಯೋಪಾಧ್ಯಾಯಿನಿ ನಿಟ್ಟುಸಿರು ಬಿಟ್ಟರು.

ಮತ್ತೇನೂ ಕೇಳದೆ ಹಿರಿಯರು ಹೊರಟರು. ಗುಟ್ಟು ರಟ್ಟಾಗಲಿಲ್ಲ. ಆದರೂ ನರ್ಸಿಗೆ ಸಮಾಧಾನವಿಲ್ಲ. ಕಾರಿನವರೆಗೆ ಹಿಂದೆಯೇ ಓಡಿದಳು.

“ಸರ್, ದಯವಿಟ್ಟು ನಿಲ್ಲಿಸ್ಬೇಡಿ. ಮಕ್ಕಳ ಸ್ಥಿತಿ ನೋಡಿದ್ರಲ್ಲ.”

“ನೋಡ್ದೆ, ತಾಯಿ. ನಿಮ್ಮ ಶ್ರಮದಲ್ಲಿ ಕೊರತೆ ಇದೆ ಅಂತ ನಾನು ಹೇಳಲ್ಲ.” ಅವರು ಕಾರಿನೊಳಗೆ ಕೂತು ಗಾಜು ಇಳಿಸಿದರು. “ಆದ್ರೆ ನಮ್ಮ ಹತ್ರ ಇರೋ ಹಣ ಒಂದೇ ಶಾಲೆಗೆ ಆಗುತ್ತೆ. ಪಕ್ಕದ ಶಾಲೆಲಿರೋ ನಮ್ಮ ಇನ್ನೊಂದು ಕ್ಲಿನಿಕ್‌ನಲ್ಲಿ ಮಂಚಗಳೆಲ್ಲ ಖಾಲಿ, ಮಕ್ಕಳೆಲ್ಲ ಮೈದಾನದಲ್ಲಿ.”

ನರ್ಸ್ ಲೈಬ್ರರಿಯ ಕಡೆ ತಿರುಗಿ ನೋಡಿದಳು.

“ಇಲ್ಲಿ ವಾಸಿಯಾದ ಮಗು ಒಂದೇ ಒಂದು ಕಂಡಿದ್ರೂ ಸಾಕಿತ್ತು ನಂಗೆ.”