ಕಿವಿಯ ಹಿಂದಿನ ತಿರುವು

ಎದುರು ಮನೆಯ ದರ್ಜಿ ಬಟ್ಟೆ ಒಣಹಾಕಲು ಬಾಲ್ಕನಿಗೆ ಬಂದು ಬೆನ್ನು ತಿರುಗಿಸಿದ. ಕ್ಷೌರಿಕನ ತುಟಿಯ ಹತ್ತಿರ ಬಂದಿದ್ದ ಲೋಟ ಅಲ್ಲೇ ನಿಂತಿತು.

ದರ್ಜಿಯ ಕತ್ತು ನುಣ್ಣಗಿತ್ತು. ಕಿವಿಯ ಹಿಂದೆ ಕೂದಲು ನೇರವಾಗಿ ಇಳಿಯದೆ, ಒಂದು ಸಣ್ಣ ತಿರುವು ತೆಗೆದುಕೊಂಡು ಕತ್ತನ್ನು ಸೇರಿತ್ತು. ಸಾಂಕ್ರಾಮಿಕ ಬಂದು ಅಂಗಡಿಗಳೆಲ್ಲ ಬಾಗಿಲು ಹಾಕಿ ತಿಂಗಳುಗಳಾಗಿದ್ದವು. ಊರಿನ ಗಂಡಸರೆಲ್ಲ ಈ ಹೊತ್ತಿಗೆ ಕರಡಿಗಳಾಗಿರಬೇಕಿತ್ತು.

"ಯಾರೋ ಕದ್ದುಮುಚ್ಚಿ ಕ್ಷೌರ ಮಾಡ್ತಿದ್ದಾರೆ ಕಣೇ," ಎಂದ ಒಳಗೆ ಬಂದು.

"ಮಾಡ್ಲಿ ಬಿಡಿ, ಪಾಪ," ಎಂದಳು ಹೆಂಡತಿ.

"ಅದು ನನ್ನ ತಿರುವು. ನಮ್ಮಪ್ಪ ಕೈ ಹಿಡಿದು ಕಲಿಸಿದ್ದು."

"ಕಿವಿ ಹಿಂದೆ ನಿಮ್ಮಪ್ಪನ ರುಜು ಇತ್ತಾ?"

ಅವಳಿಗೆ ತಮಾಷೆ. ಮನೆಯ ಕೆಳಗೇ ಸಲೂನು. ಕುರ್ಚಿಗಳು ಹಳೆಯ ಚಾದರ ಹೊದ್ದು ಮಲಗಿದ್ದವು. ಇವತ್ತಲ್ಲ ನಾಳೆ ಬಾಗಿಲು ತೆರೆಯುತ್ತದೆ ಎಂಬ ಒಂದೇ ಧೈರ್ಯದ ಮೇಲೆ ಅವನು ದಿನ ನೂಕುತ್ತಿದ್ದ. ತೆರೆಯುವ ಹೊತ್ತಿಗೆ ಗಿರಾಕಿಗಳೆಲ್ಲ ಬೇರೊಬ್ಬನ ಕೈಗೆ ಒಗ್ಗಿಬಿಟ್ಟಿದ್ದರೆ? ಕ್ಷೌರಿಕನನ್ನು ಬದಲಿಸಿದ ಗಂಡಸು ಹಳಬನ ಕಡೆ ಮರಳಿ ಬಂದದ್ದನ್ನು ಅವನು ಕಂಡಿರಲಿಲ್ಲ. ನಾಚಿಕೆಗೇ ಬರುವುದಿಲ್ಲ.

ಕೈಯ ಹದ ತಪ್ಪಬಾರದೆಂದು ಅವನು ಬೆಳಗಾದರೆ ನೆಲ ಒರೆಸುವ ಕೋಲನ್ನು ತಲೆಕೆಳಗು ಮಾಡಿ ಕುರ್ಚಿಗೆ ಕಟ್ಟಿ, ಅದರ ನೂಲಿನ ಎಳೆಗಳ ಮೇಲೆ ಕತ್ತರಿ ಆಡಿಸುತ್ತಿದ್ದ. ಬಾಯಿ ಮುಚ್ಚಿಕೊಂಡು ಕೆಲಸ ಮಾಡುವ ಜನ್ಮವಲ್ಲ ಅವನದು. "ಬಾಚಣಿಗೆ ಮೊದಲು, ಕತ್ತರಿ ಆಮೇಲೆ. ಕತ್ತು ಬಗ್ಗಿಸಿ ಸ್ವಾಮಿ," ಎಂದು ಕೋಲಿಗೇ ಹೇಳುತ್ತಿದ್ದ. ಹೆಂಡತಿ ಬಂದು, "ನೆಲ ಒರೆಸೋಕೆ ನಾಲ್ಕು ಎಳೆ ಆದ್ರೂ ಬಿಡ್ರಿ," ಎಂದು ಗೊಣಗಿ ಹೋಗುತ್ತಿದ್ದಳು. ಮಗಳದು ಮಾತು ಕಡಿಮೆ. ಎಲ್ಲ ಮನೆಯ ಮಕ್ಕಳಂತೆ ಅವಳೂ ಫೋನಿನಲ್ಲೇ ಕ್ಲಾಸೆಂದು ಮೂಲೆ ಹಿಡಿದಿರುತ್ತಿದ್ದಳು. "ಅಪ್ಪ, ಕಿಟಕಿ ಕಡೆ ಬಾ, ಅಲ್ಲಿ ಬೆಳಕಿದೆ," ಎನ್ನುವುದಷ್ಟೇ ಅವಳ ಮಾತು. ಅಪ್ಪನ ಕಣ್ಣಿನ ಚಿಂತೆ ಅವಳೊಬ್ಬಳಿಗಾದರೂ ಇತ್ತು.

ಆ ತಿರುವನ್ನು ಅವನು ಕಲಿಸಿದ್ದು ಒಬ್ಬನಿಗೇ. ವರ್ಷಗಟ್ಟಲೆ ಅವನ ಬಳಿ ದುಡಿದು, ಈಗ ಹಿಂದಿನ ಬೀದಿಯಲ್ಲಿ ಸ್ವಂತ ಅಂಗಡಿ ಇಟ್ಟಿದ್ದ ಹಳೆಯ ಶಿಷ್ಯನಿಗೆ.

ಶಿಷ್ಯ ತರಕಾರಿ ಸಾಲಿನಲ್ಲಿ ಸಿಕ್ಕಿದ. ಕೂದಲು ಭುಜ ಮುಟ್ಟಿತ್ತು. ಎಲ್ಲ ವೇಷ, ಅಂದುಕೊಂಡ ಕ್ಷೌರಿಕ.

"ವ್ಯಾಪಾರ ಜೋರಾ?"

"ನಂದೆಲ್ಲಿ ಗುರುಗಳೇ. ಈಗೆಲ್ಲ ನಿಮ್ಮದೇ ಕಾಲ," ಎಂದ ಶಿಷ್ಯ. "ನಾನು ಇನ್ನೂ ನಿಮ್ಮಿಂದ ಕಲೀತಾನೇ ಇದ್ದೀನಿ."

ಮಾಸ್ಕಿನೊಳಗೆ ಹಲ್ಲು ಕಿರಿದದ್ದು ಕಣ್ಣಿನಲ್ಲಿ ಕಂಡಿತು. ಕ್ಷೌರಿಕನ ಮೈ ಉರಿಯಿತು. ಮುಂದೆ ನೋಡಿದರೆ, ಅಂತರ ಬಿಟ್ಟು ನಿಂತ ಕತ್ತುಗಳೆಲ್ಲ ಅವನನ್ನೇ ಅಣಕಿಸುತ್ತಿದ್ದವು. ಔಷಧಿ ಅಂಗಡಿಯವನಿಗೆ ತಿರುವು. ಗಡಿಯಾರ ರಿಪೇರಿಯವನಿಗೂ ತಿರುವು, ಎಡಗಡೆ ಸ್ವಲ್ಪ ಸೊಟ್ಟ.

ಸಾಲದ್ದಕ್ಕೆ ಈಚೆಗೆ ಮನೆಯ ಬಾಗಿಲಿಗೆ ಚೀಲಗಳು ಬರತೊಡಗಿದ್ದವು. ಬೇಕರಿಯವನ ಬ್ರೆಡ್ಡು, ಔಷಧಿ ಅಂಗಡಿಯಿಂದ ಹಾಲಿನ ಪುಡಿ, ದರ್ಜಿ ಹೊಲಿದ ಮಾಸ್ಕು. ಮಗಳು ತುಟಿ ಬಿಚ್ಚದೆ ಒಳಗೆ ತಂದಿಡುತ್ತಿದ್ದಳು. ಅನ್ನ ಕಿತ್ತುಕೊಂಡು ಭಿಕ್ಷೆ ಹಾಕುತ್ತಿದ್ದಾರೆ ಎಂದು ಅವನಿಗೆ ಅವಮಾನವಾಗುತ್ತಿತ್ತು. ಅವಮಾನದಲ್ಲೇ ಎರಡು ತುಂಡು ಬ್ರೆಡ್ಡು ಹೆಚ್ಚಿಗೆ ತಿನ್ನುತ್ತಿದ್ದ.

ಕೊನೆಗೆ ಒಂದು ಬೆಳಿಗ್ಗೆ ದರ್ಜಿಯನ್ನು ಬಾಲ್ಕನಿಯಿಂದಲೇ ಹಿಡಿದ. "ಕಟಿಂಗ್ ಚೆನ್ನಾಗಿದೆ. ಯಾರದ್ದು ಕೈಚಳಕ?"

ದರ್ಜಿ ಹೊಟ್ಟೆ ಕುಣಿಸಿ ನಕ್ಕ. "ಏನೂ ಗೊತ್ತಿಲ್ಲದವರ ಹಾಗೆ ಕೇಳ್ತೀರಲ್ಲ ಅಣ್ಣ."

"ಗೊತ್ತಿದ್ರೂ ನಿಮ್ಮ ಬಾಯಲ್ಲಿ ಕೇಳೋಣ ಅಂತ."

"ನಮ್ಮನೇದು ಮುಗೀತು. ಇವತ್ತು ಸಂಜೆ ಬೇಕರಿಯವರ ಮನೇಲಿ. ಹೋಗಿ ಕಣ್ಣಾರೆ ನೋಡಿ, ಮಜಾ ಇರುತ್ತೆ."

ಮಜಾ. ಮಧ್ಯಾಹ್ನದಿಂದಲೇ ಕ್ಷೌರಿಕ ಬೇಕರಿಯವನ ಮನೆಯೆದುರಿನ ಗೋಡೆಗೆ ಅಂಟಿಕೊಂಡ. ಶಿಷ್ಯ ಬಂದರೆ ಕೊರಳಪಟ್ಟಿ ಹಿಡಿಯಬೇಕು. ಏನು ಬೈಯಬೇಕೆಂದೂ ಮನಸ್ಸಿನಲ್ಲಿ ಜೋಡಿಸಿಕೊಂಡ. ಒಂದು ಬೆಕ್ಕು ಹೊರಗೆ ಹೋಯಿತು. ಅದೇ ಬೆಕ್ಕು ಒಳಗೆ ಬಂತು. ಮನುಷ್ಯರ ಸುಳಿವೇ ಇಲ್ಲ. ಬಿಸಿಲು ಇಳಿಯುವಾಗ, ಯಾರೂ ಹೋಗದ ಆ ಮನೆಯೊಳಗಿನಿಂದ ಕತ್ತರಿಯ ಸದ್ದು ಬಂತು.

ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಬಾಗಿಲು ತಳ್ಳಿದ.

ಬೇಕರಿಯವನು ಊಟದ ಮೇಜಿನ ಬಟ್ಟೆಯನ್ನು ಕೊರಳಿಗೆ ಸುತ್ತಿಕೊಂಡು, ಗೋಡೆಗೆ ಮುಖ ಮಾಡಿ ಸ್ಟೂಲಿನ ಮೇಲೆ ಕೂತಿದ್ದ. ಹಿಂದೆ ಅವನ ಹೆಂಡತಿ. ಕೈಯಲ್ಲಿ ಕತ್ತರಿ, ಹಲ್ಲುಗಳ ನಡುವೆ ಬಾಚಣಿಗೆ.

"ಎಲ್ಲಿ ಅವನು?" ಎಂದ ಕ್ಷೌರಿಕ. "ನನ್ನ ಹೊಟ್ಟೆ ಮೇಲೆ ಹೊಡೆಯೋ ಗುರು?"

ದನಿ ಗುರುತು ಹಿಡಿದ ಬೇಕರಿಯವನು ಗೋಡೆಗೇ ಉತ್ತರ ಕೊಟ್ಟ. "ಫೀಸಿನ ಬ್ರೆಡ್ಡು ಬೆಳಿಗ್ಗೇನೇ ನಿಮ್ಮ ಮಗಳ ಕೈಗೆ ಕೊಟ್ವಲ್ಲ ಅಣ್ಣ."

"ಅಲ್ಲಾಡಬೇಡಿ ಅಂದ್ನಲ್ಲ," ಎಂದು ಹೆಂಡತಿ ಬಾಚಣಿಗೆ ತೆಗೆದು ಗಂಡನ ನೆತ್ತಿಗೆ ಕುಟ್ಟಿದಳು. ಬಂದವರು ಯಾರೆಂದು ತಿರುಗಿ ನೋಡುವಷ್ಟು ಪುರುಸೊತ್ತು ಅವಳಿಗಿರಲಿಲ್ಲ. "ಯಾರಾದ್ರೂ ಆಗ್ಲಿ, ಸ್ವಲ್ಪ ಸುಮ್ನಿರಿ. ಕಿವಿ ಹತ್ರ ಬಂದಿದ್ದೀನಿ. ಗುರುಗಳು ಅಲ್ಲಿದ್ದಾರೆ, ನೋಡಿ," ಎಂದು ಮೊಣಕೈಯಿಂದ ಕಪಾಟಿನ ಕಡೆ ತೋರಿಸಿದಳು.

ಅಲ್ಲಿ ಬಿಸ್ಕತ್ತಿನ ಡಬ್ಬಿಗೆ ಒರಗಿಸಿದ ಫೋನಿನೊಳಗೆ, ಹರಿದ ಬನಿಯನ್ನಿನಲ್ಲಿ ಕಿಟಕಿಯ ಬೆಳಕಿಗೆ ನಿಂತು, ತಲೆಕೆಳಗಾದ ಕೋಲಿಗೆ ಕತ್ತರಿ ಆಡಿಸುತ್ತ, ಊರಿನ ಗಿರಾಕಿಗಳನ್ನೆಲ್ಲ ಒಬ್ಬೊಬ್ಬರನ್ನಾಗಿ ಕಿತ್ತುಕೊಳ್ಳುತ್ತಿದ್ದವನು ಅವನೇ.