ಎರವಲು ಚಪ್ಪಲಿಯ ಸಾಕ್ಷಿ

ವಿದ್ಯಾರ್ಥಿವೇತನಕ್ಕೆ ಹದಿನೇಳು ದಾಖಲೆ ಕೇಳುವ ಪದ್ಧತಿ ರದ್ದಾಗಿತ್ತು. ಈಗ ಮನೆಯ ಒಂದು ಜೊತೆ ಚಪ್ಪಲಿಯನ್ನು ಕೌಂಟರಿನ ಮೇಲಿಟ್ಟರೆ ಸಾಕು, ಮನೆಯ ಪರಿಸ್ಥಿತಿಯನ್ನು ಅದೇ ಹೇಳುತ್ತಿತ್ತು.

ಮಗಳ ನರ್ಸಿಂಗ್ ಓದಿಗಾಗಿ ಗದಗಿನ ನೀಲವ್ವ ಹೊಳೆಯುವ ಚಪ್ಪಲಿ ತಂದಿಟ್ಟಳು.

"ಹೂಂ, ಹೇಳು," ಎಂದ ಗುಮಾಸ್ತ.

"ನಾ ಇವರ ಮನೀದಲ್ರೀ, ಪಕ್ಕದ್ಮನಿ ಗಿರಿಜಕ್ಕಂದು," ಎಂದಿತು ಚಪ್ಪಲಿ.

ನೀಲವ್ವ ನಾಚಿದಳು. "ಸರಕಾರಿ ಆಫೀಸಿಗೆ ಹರಕ ಚಪ್ಪಲಿ ಹೆಂಗ ತರೂದ್ರೀ, ಸಾಹೇಬ್ರ?"

"ಸುಳ್ಳು ಸಾಕ್ಷಿ! ಅರ್ಜಿ ರದ್ದು. ಇವತ್ತ ಕಡೀ ದಿನ," ಎಂದು ಗುಮಾಸ್ತ ಮೊಹರು ಎತ್ತಿದ.

"ತಡೀರಿ!" ಎಂದಿತು ಚಪ್ಪಲಿ. "ಮದುವಿಗೆ, ದವಾಖಾನಿಗೆ, ಮಗಳ ಪರೀಕ್ಷಾಕ್ಕ, ಎಲ್ಲಾದಕ್ಕೂ ಇವರು ನನ್ನನ್ನ ಕೇಳಿ ಒಯ್ತಾರ. ಬಡತನಕ್ಕ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇನ್ರೀ?"

ಗುಮಾಸ್ತ ಯೋಚಿಸಿ ಮಂಜೂರಾತಿಯ ಮೊಹರು ಒತ್ತಿದ. "ಮತ್ತ ನಿಮ್ಮ ಹರಕ ಚಪ್ಪಲಿ ಎಲ್ಲಿ?"

"ಗಿರಿಜಕ್ಕನ ಕಡೆ ಅದಾವ್ರೀ. ಅದಲಾಬದಲಿ ಮಾಡೂಣು ಅಂತ ಆಕೀನ ಬಂದಿದ್ಲು. ಆಕಿ ಮಗನೂ ಕಾಲೇಜ್ ಸೇರ್ಯಾನ."

ಅಷ್ಟರಲ್ಲಿ ಪಕ್ಕದ ಕೌಂಟರಿನಿಂದ ಹರಕು ದನಿಯೊಂದು ಖುಷಿಯಿಂದ ಕೂಗಿತು:

"ನಾ ನೀಲವ್ವನ ಚಪ್ಪಲಿರೀ! ಇವತ್ತ ಗಿರಿಜಕ್ಕನ ಕಾರಿನ್ಯಾಗ ಕುಂತ ಬಂದೀನ್ರೀ!"