ನೀಲವ್ವನ ಶೀಶೆ

ಡಿಪೋದಲ್ಲಿ ಬಸ್ ಚಾಲಕರ ಶೀಶೆ ನೋಡುವುದು ನನ್ನ ಕೆಲಸ. ಚಾಲಕರಷ್ಟೇ ಅಲ್ಲ, ಊರಿನ ಪ್ರತಿಯೊಬ್ಬರ ಹೃದಯದ ಕೋಶಗಳಿಂದ ಬೆಳೆಸಿದ ಒಂದು ಚೂರು ಅವರವರ ಶೀಶೆಯಲ್ಲಿರುತ್ತದೆ. ಎದೆಯೊಳಗೆ ಆದದ್ದೆಲ್ಲ ಅದರಲ್ಲೂ ಆಗುತ್ತದೆ.

ಚಾಲಕ ಈರಬಸಪ್ಪ ತಂದ ಚೂರು ಹದವಾಗಿ ಮಿಡಿಯುತ್ತಿತ್ತು. ಅವನ ಹಣೆ ಮಾತ್ರ ಬೆವರಿತ್ತು.

"ಎರಡು ಸಲ ಮೆಟ್ಟಿಲ ಹತ್ತಿ ಇಳೀರಿ," ಎಂದೆ.

ಅವನು ಏದುಸಿರು ಬಿಡುತ್ತ ಬಂದ. ಚೂರು ಮೊದಲಿನಷ್ಟೇ ನಿಧಾನ.

"ಹತ್ತಿದವ್ರು ನೀವು. ಇದು ಮನ್ಯಾಗ ಕುಂತು ಸೊಪ್ಪು ಸೋಸಾಕತ್ತೈತಲ್ರಿ! ಯಾರದಿದು?"

"ನನ್ನ ಹೆಂಡ್ತಿ ನೀಲವ್ವಂದ್ರಿ ಅಕ್ಕಾರ. ಬಸ್ ಬಿಡಿಸಿದ್ರ ನಾ ಏನ್ ಮಾಡ್ಲಿ?"

ಊಟದ ಚೀಲದಿಂದ ತನ್ನ ಶೀಶೆ ತೆಗೆದ. ಅದರಲ್ಲಿನ ಚೂರು ಲಯವಿಲ್ಲದೆ ನಡುಗುತ್ತಿತ್ತು.

"ಹಿಂಗ ನಡಗಾಕತ್ತಿ ಎಷ್ಟ್ ದಿನ ಆತು?"

"ಮೂರು ತಿಂಗಳ್ರಿ."

ನಡುಗುವುದೇ ಕೋಶಗಳಿಗೆ ರೂಢಿಯಾದರೆ ನಡುವೆ ನಾರು ಬೆಳೆದು ಚೂರು ಗಡುಸಾಗುತ್ತದೆ. ಆಮೇಲೆ ಔಷಧಿ ಹಿಡಿಯುವುದು ಕಷ್ಟ. ಗಾಜಿನ ಕಡ್ಡಿಯಿಂದ ಒತ್ತಿ ನೋಡಿದೆ. ಅಂಚಿನಲ್ಲಷ್ಟೇ ನಾರು ತಾಕಿತು.

"ಇನ್ನೂ ಮೆತ್ತಗೈತಿ. ಇವತ್ತ ಆಸ್ಪತ್ರೆಗೆ ಹೋದ್ರ ಬಸ್ ಮತ್ತ ಸಿಗಬಹುದು."

ಅವನು ಬಸ್ಸಿನ ಕೀಲಿ ಮೇಜಿನ ಮೇಲಿಟ್ಟ. ಅಷ್ಟರಲ್ಲಿ ನೀಲವ್ವನ ಚೂರು ದಡದಡ ಹೊಡೆದುಕೊಳ್ಳತೊಡಗಿತು. ಮನೆಯಲ್ಲಿ ಗಂಡನದರ ಜೊತೆ ತನ್ನ ಶೀಶೆಯೂ ಇಲ್ಲದ್ದು ಆಕೆಗೆ ಕಂಡಿರಬೇಕು.

"ಮೊದ್ಲ ಆಕಿಗೆ ಫೋನ್ ಮಾಡ್ರಿ," ಎಂದೆ.